ಗ್ರಿಡ್ ಎಂಜಿನ್ ಕ್ಲಸ್ಟರ್‌ನಲ್ಲಿ ಪ್ಯಾರಲಲ್ ಎನ್ವಿರಾನ್‌ಮೆಂಟ್: ಎಂಟು ನೋಡ್‌ಗಳ ಲ್ಯಾಬ್‌ಗೆ ಹಂತ ಹಂತದ ಮಾರ್ಗದರ್ಶಿ

ಜಾಬ್ 16 ಸ್ಲಾಟ್ (ಒಂದು ಪ್ರೊಸೆಸ್ ಓಡಲು ಕೊಡುವ ಜಾಗ, ಸಾಮಾನ್ಯವಾಗಿ ಒಂದು ಕೋರ್) ಹಿಡಿದಿದೆ ಎಂದು ಶೆಡ್ಯೂಲರ್, ಅಂದರೆ ಜಾಬ್‌ಗಳನ್ನು ಯಂತ್ರಗಳಿಗೆ ಹಂಚುವ ತಂತ್ರಾಂಶ, ತೋರಿಸುತ್ತದೆ. ನೋಡ್‌ಗೆ, ಅಂದರೆ ಕ್ಲಸ್ಟರ್‌ನ ಆ ಯಂತ್ರಕ್ಕೆ, ಲಾಗಿನ್ ಆಗಿ ಟಾಪ್ ಆಜ್ಞೆ ಕೊಟ್ಟರೆ ಓಡುತ್ತಿರುವುದು ಒಂದೇ ಪ್ರೊಸೆಸ್, ಉಳಿದ 15 ಕೋರ್ ಖಾಲಿ. ಇದರ ತದ್ವಿರುದ್ಧವೂ ಅಷ್ಟೇ ಸಾಮಾನ್ಯ: ಕೇಳಿದ್ದು 4 ಸ್ಲಾಟ್, ಎದ್ದು ಕೂತದ್ದು 16 ಥ್ರೆಡ್, ಅದೇ ನೋಡ್‌ನಲ್ಲಿರುವ ಬೇರೆಯವರ ಜಾಬ್‌ಗಳೆಲ್ಲ ತೆವಳುತ್ತಿವೆ. ಎರಡಕ್ಕೂ ಕಾರಣ ಒಂದೇ. ಶೆಡ್ಯೂಲರ್ ಸ್ಲಾಟ್‌ಗಳ ಲೆಕ್ಕ ಇಡುತ್ತದೆಯೇ ಹೊರತು ನಿಮ್ಮ ಪ್ರೋಗ್ರಾಮಿನ ಪ್ರೊಸೆಸ್‌ಗಳನ್ನು ತಾನೇ ಎಬ್ಬಿಸುವುದಿಲ್ಲ. ಲೆಕ್ಕದಲ್ಲಿರುವ ಸಂಖ್ಯೆಯನ್ನೂ ನಿಜವಾಗಿ ಓಡುವ ಸಂಖ್ಯೆಯನ್ನೂ ಜೋಡಿಸುವ ಜಾಗ ಪ್ಯಾರಲಲ್ ಎನ್ವಿರಾನ್‌ಮೆಂಟ್, ಬಳಕೆಯ ಮಾತಿನಲ್ಲಿ ಪಿಇ. ಅದನ್ನು ಕಟ್ಟುವಾಗ ಪ್ರತಿ ಹಂತದಲ್ಲೂ ಕೇಳಬೇಕಾದ ಪ್ರಶ್ನೆ ಇದೊಂದೇ: ಈ ಎರಡು ಸಂಖ್ಯೆ ಸರಿಹೊಂದುತ್ತಿವೆಯೇ?

ಇಲ್ಲಿ ಹೇಳುವುದು ಗ್ರಿಡ್ ಎಂಜಿನ್ ಎಂಬ ಶೆಡ್ಯೂಲರ್ ಬಗ್ಗೆ. ಸನ್ ಮೈಕ್ರೋಸಿಸ್ಟಮ್ಸ್ 2000ದಲ್ಲಿ ಗ್ರಿಡ್‌ವೇರ್ ಸಂಸ್ಥೆಯನ್ನು ಕೊಂಡುಕೊಂಡಿತು, ಮರುವರ್ಷ ಈ ತಂತ್ರಾಂಶದ ಮೂಲಸಂಕೇತವನ್ನು ಮುಕ್ತವಾಗಿ ಬಿಟ್ಟಿತು. 2010ರಲ್ಲಿ ಸನ್ ಒರಾಕಲ್ ಪಾಲಾದ ಮೇಲೆ ಅದು ಹಲವು ಕವಲಾಯಿತು. ನಿಮ್ಮಲ್ಲಿ ಯಾವ ಕವಲು ಇದ್ದರೂ ಪಿಇ ಕಟ್ಟುವ ರೀತಿ ಹೆಚ್ಚುಕಡಿಮೆ ಇದೇ.

ಉದಾಹರಣೆಗೆ ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಇಟ್ಟುಕೊಳ್ಳೋಣ. ಒಂದು ಹೆಡ್ ನೋಡ್, ಅದರ ಹೆಸರು ಕೊಡಚಾದ್ರಿ. ಲೆಕ್ಕ ಮಾಡುವ ನೋಡ್ ಎಂಟು, ಹೆಸರು ಜಿಲ್ಲೆಯ ನದಿಗಳದ್ದು: ತುಂಗಾ, ಭದ್ರಾ, ಶರಾವತಿ, ವರದಾ, ಕುಮುದ್ವತಿ, ದಂಡಾವತಿ, ಮಾಲತಿ, ಹರಿದ್ರಾವತಿ. ಪ್ರತಿ ನೋಡ್‌ನಲ್ಲಿ 16 ಕೋರ್, 64 ಜಿಬಿ ಮೆಮೊರಿ, ನಡುವೆ ಗಿಗಾಬಿಟ್ ಈಥರ್ನೆಟ್ ಸ್ವಿಚ್. ಒಟ್ಟು 128 ಕೋರ್. ದೊಡ್ಡ ಕೆಲಸವೆಂದರೆ ಡಬ್ಲ್ಯುಆರ್‌ಎಫ್ ಹವಾಮಾನ ಮಾದರಿ. ಅದರ ಜೊತೆಗೆ ಅಡಿಕೆ ಎಲೆಚುಕ್ಕಿ ರೋಗದ ಚಿತ್ರಗಳನ್ನು ವಿಂಗಡಿಸುವಂಥ ಒಂದೇ ನೋಡ್‌ನ ಸಣ್ಣ ಜಾಬ್‌ಗಳು.

ಬರವಣಿಗೆಯ ಕ್ರಮದ ಬಗ್ಗೆ ಒಂದು ಮಾತು. ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಹೈಫನ್ ಮತ್ತು ಅಂಡರ್‌ಸ್ಕೋರ್ ಇದ್ದಲ್ಲಿ ಇದ್ದಂತೆಯೇ ಟೈಪ್ ಮಾಡಿ. ಆಜ್ಞೆಯ ಮೊದಲಿನ ಕ್ಯೂ ಒಂದೇ ಅಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ.

ಕೈ ಹಾಕುವ ಮೊದಲು ನೋಡಬೇಕಾದ್ದು

ಪಿಇ ತಪ್ಪು ಎಂದು ತೋರುವ ದೋಷಗಳಲ್ಲಿ ಬಹಳಷ್ಟು ಪಿಇಯದ್ದಲ್ಲ, ನೋಡ್‌ಗಳ ಹೆಸರಿನದ್ದು. ಉಬುಂಟು ಮತ್ತು ಡೆಬಿಯನ್ ಇನ್‌ಸ್ಟಾಲ್ ಮಾಡಿದಾಗ ಇಟಿಸಿ ಹೋಸ್ಟ್ಸ್ ಫೈಲಿನಲ್ಲಿ ಯಂತ್ರದ ಹೆಸರನ್ನು 127.0.1.1ಕ್ಕೆ ಕಟ್ಟಿರುತ್ತದೆ. ಆಗ ಶರಾವತಿ ನೋಡ್ ತನ್ನನ್ನೇ ಒಂದು ವಿಳಾಸದಿಂದ ಕರೆದುಕೊಳ್ಳುತ್ತದೆ, ಉಳಿದ ನೋಡ್‌ಗಳು ಇನ್ನೊಂದು ವಿಳಾಸದಿಂದ ಕರೆಯುತ್ತವೆ, ಗ್ರಿಡ್ ಎಂಜಿನ್ ಹೆಸರು ತಾಳೆಯಾಗಲಿಲ್ಲವೆಂದು ಸಂಪರ್ಕ ನಿರಾಕರಿಸುತ್ತದೆ. ಆ ಸಾಲು ತೆಗೆಯಿರಿ. ಒಂಬತ್ತೂ ಯಂತ್ರಗಳ ಖಾಸಗಿ ವಿಳಾಸಗಳಿರುವ ಒಂದೇ ಹೋಸ್ಟ್ಸ್ ಫೈಲನ್ನು ಎಲ್ಲ ಯಂತ್ರಗಳಿಗೂ ಹಾಕಿ.

ಯೂಸರ್ ಸಂಖ್ಯೆ ಎಲ್ಲ ನೋಡ್‌ಗಳಲ್ಲೂ ಒಂದೇ ಇರಬೇಕು, ಹೋಮ್ ಡೈರೆಕ್ಟರಿ ಜಾಲದ ಮೂಲಕ ಫೈಲು ಹಂಚುವ ಎನ್‌ಎಫ್‌ಎಸ್‌ನಿಂದ ಒಂದೇ ಜಾಗದಲ್ಲಿ ಸಿಗಬೇಕು, ಗಡಿಯಾರಗಳನ್ನು ಕ್ರೋನಿ ಸರಿಹೊಂದಿಸುತ್ತಿರಬೇಕು. ಓಪನ್ ಎಂಪಿಐ (ಬೇರೆ ಬೇರೆ ನೋಡ್‌ಗಳ ಪ್ರೊಸೆಸ್‌ಗಳು ಪರಸ್ಪರ ಸಂದೇಶ ಕಳಿಸಿಕೊಳ್ಳಲು ಬಳಸುವ ಲೈಬ್ರರಿ) ಎಲ್ಲ ನೋಡ್‌ಗಳಲ್ಲೂ ಒಂದೇ ಆವೃತ್ತಿ, ಒಂದೇ ಪಾತ್. ಇದಕ್ಕೆ ಎನ್‌ಎಫ್‌ಎಸ್‌ನಲ್ಲೇ ಇಡುವುದು ಸುಲಭ.

ಫೈರ್‌ವಾಲ್‌ನಲ್ಲಿ ಹೆಡ್ ನೋಡ್‌ನ ಗ್ರಿಡ್ ಎಂಜಿನ್ ಮಾಸ್ಟರ್ ಸೇವೆಗೆ 6444, ಪ್ರತಿ ನೋಡ್‌ನಲ್ಲಿ ಜಾಬ್ ಓಡಿಸುವ ಎಕ್ಸೆಕ್‌ಡಿ ಸೇವೆಗೆ 6445 ಪೋರ್ಟ್ ತೆರೆದರೆ ಒಂಟಿ ಜಾಬ್‌ಗಳು ಓಡುತ್ತವೆ. ಆದರೆ ಎಂಪಿಐ ಪ್ರೊಸೆಸ್‌ಗಳು ತಮ್ಮ ನಡುವೆ ಯಾವುದೋ ದೊಡ್ಡ ಸಂಖ್ಯೆಯ ಪೋರ್ಟ್‌ಗಳಲ್ಲಿ ಮಾತಾಡಿಕೊಳ್ಳುತ್ತವೆ. ಹೀಗಾಗಿ ಒಂದೇ ನೋಡ್‌ನಲ್ಲಿ ಸಲೀಸಾಗಿ ಓಡಿದ ಜಾಬ್ ಎರಡು ನೋಡ್‌ಗೆ ಹರಡಿದ ಕೂಡಲೇ ಮೌನವಾಗಿ ನಿಂತುಬಿಡುತ್ತದೆ, ದೋಷದ ಸಂದೇಶವೂ ಬರದೆ ಇರಬಹುದು. ಕ್ಲಸ್ಟರ್‌ನ ಒಳಜಾಲದ ಸಂಪರ್ಕ ಪೂರ್ತಿ ತೆರೆದಿಡಿ, ಫೈರ್‌ವಾಲ್ ಬಿಗಿಯನ್ನು ಕೊಡಚಾದ್ರಿಯ ಹೊರಮುಖಕ್ಕೆ ಮಾತ್ರ ಇಡಿ.

ಕೊನೆಯದಾಗಿ, ಎಲ್‌ಎಸ್‌ಸಿಪಿಯು ಕೊಟ್ಟು ನಿಜವಾದ ಕೋರ್ ಎಷ್ಟು ನೋಡಿ. ಹೈಪರ್‌ಥ್ರೆಡಿಂಗ್ ಆನ್ ಇದ್ದರೆ 32 ಎಂದು ತೋರುತ್ತದೆ, ಇನ್‌ಸ್ಟಾಲರ್ ಕೂಡ ಅದನ್ನೇ ಸ್ಲಾಟ್ ಸಂಖ್ಯೆ ಎಂದು ಹಿಡಿಯಬಹುದು. ಅಂಕಗಣಿತವೇ ಮುಖ್ಯವಾದ ಕೆಲಸಗಳಿಗೆ ಭೌತಿಕ ಕೋರ್ ಲೆಕ್ಕವೇ ಸರಿ: ನೋಡ್‌ಗೆ 16.

ಎಷ್ಟು ಪಿಇ, ಯಾವ ನಿಯಮದಲ್ಲಿ

ಇರುವ ಪಿಇಗಳ ಪಟ್ಟಿ ನೋಡಲು

ಕ್ಯೂಕಾನ್ಫ್ -ಎಸ್‌ಪಿಎಲ್

ಒಂದರ ವಿವರಕ್ಕೆ ಕ್ಯೂಕಾನ್ಫ್ -ಎಸ್‌ಪಿ ಕೊಟ್ಟು ಮುಂದೆ ಪಿಇ ಹೆಸರು. ಹೊಸದಕ್ಕೆ -ಎಪಿ, ತಿದ್ದಲು -ಎಂಪಿ, ಅಳಿಸಲು -ಡಿಪಿ. ಇವನ್ನು ಅಡ್ಮಿನ್ ಯೂಸರ್ ಆಗಿಯೇ ಓಡಿಸಬೇಕು.

ಎಲ್ಲದಕ್ಕೂ ಒಂದೇ ಪಿಇ ಇಟ್ಟು ನಡೆಸುವವರಿದ್ದಾರೆ, ಅದು ಬೇಡ. ನಮ್ಮ ಲ್ಯಾಬ್‌ಗೆ ಮೂರು ಬೇಕು. ವ್ಯತ್ಯಾಸವೆಲ್ಲ ಅಲೊಕೇಶನ್_ರೂಲ್ ಎಂಬ ಒಂದೇ ಸಾಲಿನಲ್ಲಿದೆ. ಕೇಳಿದ ಸ್ಲಾಟ್‌ಗಳನ್ನು ನೋಡ್‌ಗಳ ಮೇಲೆ ಹೇಗೆ ಹಂಚಬೇಕು ಎಂದು ಹೇಳುವ ಸಾಲು ಅದು.

ಮೊದಲನೆಯ ಪಿಇ, ಎಸ್‌ಎಂಪಿ. ಇದರ ನಿಯಮ $ಪಿಇ_ಸ್ಲಾಟ್ಸ್. ಕೇಳಿದ ಸ್ಲಾಟ್‌ಗಳೆಲ್ಲ ಒಂದೇ ನೋಡ್‌ನಲ್ಲಿ ಸಿಗಬೇಕು, ಇಲ್ಲವಾದರೆ ಜಾಬ್ ಕಾಯುತ್ತದೆ. ಓಪನ್‌ಎಂಪಿ (ಓಪನ್ ಎಂಪಿಐ ಅಲ್ಲ, ಥ್ರೆಡ್‌ಗಳನ್ನು ಎಬ್ಬಿಸುವ ವ್ಯವಸ್ಥೆ), ಪೈಥಾನ್ ಮಲ್ಟಿಪ್ರೊಸೆಸಿಂಗ್, ಜಾವಾ ಥ್ರೆಡ್‌ಗಳಂತೆ ಒಂದೇ ನೋಡ್‌ನ ಒಳಗೆ ಓಡಬೇಕಾದ ಕೆಲಸಗಳಿಗೆ ಇದೇ. ಇದರಲ್ಲಿ 17 ಕೇಳಿದ ಜಾಬ್ ನಮ್ಮ ಕ್ಲಸ್ಟರ್‌ನಲ್ಲಿ ಎಂದಿಗೂ ಓಡದು.

ಎರಡನೆಯದು ಎಂಪಿಐ. ಇದಕ್ಕೆ $ಫಿಲ್_ಅಪ್ ನಿಯಮ: ಒಂದು ನೋಡ್ ತುಂಬಿಸಿ ಮುಂದಿನದಕ್ಕೆ ಹೋಗು. ಕೇಳಲು ಚೆನ್ನ. ಆದರೆ ಆಗಲೇ ಸಣ್ಣ ಜಾಬ್‌ಗಳು ಅಲ್ಲಲ್ಲಿ ಕೂತಿದ್ದರೆ 32 ಸ್ಲಾಟ್‌ನ ಜಾಬ್ ತುಂಗಾದಲ್ಲಿ 5, ಭದ್ರಾದಲ್ಲಿ 3, ವರದಾದಲ್ಲಿ 11 ಎಂದು ಐದಾರು ನೋಡ್‌ಗೆ ಚೆಲ್ಲಾಪಿಲ್ಲಿಯಾಗುತ್ತದೆ. ಬೇಗ ಶುರುವಾಗುತ್ತದೆ, ನಿಧಾನವಾಗಿ ಓಡುತ್ತದೆ. ಪ್ರೊಸೆಸ್‌ಗಳು ಪರಸ್ಪರ ಕಡಿಮೆ ಮಾತಾಡುವ ಕೆಲಸಕ್ಕೆ ಇದು ಸಾಕು.

ಮೂರನೆಯದು ಎಂಪಿಐ16, ನಿಯಮದ ಜಾಗದಲ್ಲಿ ಬರೀ 16. ಪ್ರತಿ ನೋಡ್‌ನಲ್ಲಿ ಕಡ್ಡಾಯ 16 ಸ್ಲಾಟ್, ಅಂದರೆ ಪೂರ್ತಿ ನೋಡ್‌ಗಳೇ ಸಿಗುತ್ತವೆ. ಡಬ್ಲ್ಯುಆರ್‌ಎಫ್‌ನಂಥ ಮಾದರಿಯಲ್ಲಿ ಲೆಕ್ಕದ ಪ್ರದೇಶವನ್ನು ತುಂಡು ಮಾಡಿ ಪ್ರೊಸೆಸ್‌ಗಳಿಗೆ ಹಂಚಿರುತ್ತದೆ, ಪ್ರತಿ ಕಾಲಹೆಜ್ಜೆಗೂ ಪಕ್ಕದ ತುಂಡುಗಳು ಅಂಚಿನ ಮೌಲ್ಯಗಳನ್ನು ಬದಲಾಯಿಸಿಕೊಳ್ಳುತ್ತವೆ. ಅದೆಲ್ಲ ಗಿಗಾಬಿಟ್ ತಂತಿಯ ಮೇಲೆ ಹೋದರೆ ಕೋರ್‌ಗಳು ಲೆಕ್ಕ ಮಾಡುವುದಕ್ಕಿಂತ ಕಾಯುವುದೇ ಹೆಚ್ಚು. ಎಷ್ಟು ಸಂಭಾಷಣೆ ನೋಡ್‌ನ ಒಳಗೇ ಮುಗಿಯುತ್ತದೋ ಅಷ್ಟು ಒಳ್ಳೆಯದು. ಇದರ ಬೆಲೆ: ಕೋರಿಕೆ 16ರ ಗುಣಕವೇ ಆಗಿರಬೇಕು. 24 ಕೇಳಿದ ಜಾಬ್ ಯಾವ ದೋಷವನ್ನೂ ತೋರಿಸದೆ ಕ್ಯೂನಲ್ಲೇ ಉಳಿಯುತ್ತದೆ.

$ರೌಂಡ್_ರಾಬಿನ್ ಎಂಬ ನಾಲ್ಕನೆಯ ನಿಯಮವೂ ಇದೆ, ನೋಡ್‌ಗೊಂದರಂತೆ ಸುತ್ತಿ ಹಂಚುತ್ತದೆ. ಪ್ರತಿ ಪ್ರೊಸೆಸ್‌ಗೂ ಬಹಳ ಮೆಮೊರಿ ಬೇಕಾದಾಗ ಉಪಯೋಗಕ್ಕೆ ಬರುತ್ತದೆ. ಈಥರ್ನೆಟ್ ಕ್ಲಸ್ಟರ್‌ನಲ್ಲಿ ಸುಮ್ಮನೆ ಇಡಬೇಡಿ.

ಪಿಇ ಬರೆಯುವುದು

ಕ್ಯೂಕಾನ್ಫ್ -ಎಪಿ ಎಂಪಿಐ16 ಕೊಟ್ಟರೆ ಎಡಿಟರ್ ತೆರೆಯುತ್ತದೆ. ಹೀಗೆ ತುಂಬಿಸಿ:

ಪಿಇ_ನೇಮ್ ಎಂಪಿಐ16
ಸ್ಲಾಟ್ಸ್ 128
ಯೂಸರ್_ಲಿಸ್ಟ್ಸ್ ನನ್
ಎಕ್ಸ್‌ಯೂಸರ್_ಲಿಸ್ಟ್ಸ್ ನನ್
ಸ್ಟಾರ್ಟ್_ಪ್ರಾಕ್_ಆರ್ಗ್ಸ್ ನನ್
ಸ್ಟಾಪ್_ಪ್ರಾಕ್_ಆರ್ಗ್ಸ್ ನನ್
ಅಲೊಕೇಶನ್_ರೂಲ್ 16
ಕಂಟ್ರೋಲ್_ಸ್ಲೇವ್ಸ್ ಟ್ರೂ
ಜಾಬ್_ಈಸ್_ಫಸ್ಟ್_ಟಾಸ್ಕ್ ಫಾಲ್ಸ್
ಅರ್ಜೆನ್ಸಿ_ಸ್ಲಾಟ್ಸ್ ಮಿನ್
ಅಕೌಂಟಿಂಗ್_ಸಮರಿ ಟ್ರೂ

ನನ್, ಟ್ರೂ, ಫಾಲ್ಸ್ ಇವು ಮೂರೂ ದೊಡ್ಡಕ್ಷರದಲ್ಲಿ.

ಸ್ಲಾಟ್ಸ್ 128 ಎನ್ನುವುದು ಒಂದು ಜಾಬ್‌ಗೆ ಇಟ್ಟ ಮಿತಿಯಲ್ಲ. ಈ ಪಿಇ ಬಳಸುವ ಎಲ್ಲ ಜಾಬ್‌ಗಳೂ ಸೇರಿ ಒಂದೇ ಹೊತ್ತಿನಲ್ಲಿ ಹಿಡಿಯಬಹುದಾದ ಒಟ್ಟು. ಇಲ್ಲಿ 0 ಉಳಿದುಬಿಟ್ಟರೆ ಯಾವ ಜಾಬೂ ಓಡದು. ನಾಳೆ ಇನ್ನೊಂದು ನೋಡ್ ಸೇರಿಸಿದಾಗ ಈ ಸಂಖ್ಯೆಯನ್ನೂ ಏರಿಸಬೇಕು. ಅದು ಮರೆತುಹೋಗುವ ಸಂಭವ ಹೆಚ್ಚೆನಿಸಿದರೆ ಮೊದಲೇ 999 ಹಾಕಿಬಿಡಿ, ನಿಜವಾದ ಮಿತಿಯನ್ನು ಕ್ಯೂ ನೋಡಿಕೊಳ್ಳುತ್ತದೆ.

ಸ್ಟಾರ್ಟ್ ಮತ್ತು ಸ್ಟಾಪ್ ಸಾಲುಗಳು ಹಳೆಯ ಎಂಪಿಐಸಿಎಚ್ (ಇನ್ನೊಂದು ಎಂಪಿಐ ಲೈಬ್ರರಿ) ಕಾಲದವು. ಆಗ ನೋಡ್ ಪಟ್ಟಿಯ ಫೈಲನ್ನು ಒಂದು ಸ್ಕ್ರಿಪ್ಟ್ ತಯಾರಿಸಿ ಕೊಡಬೇಕಿತ್ತು. ಇಂದಿನ ಓಪನ್ ಎಂಪಿಐ, ಎಂಪಿಐಸಿಎಚ್ ಎರಡೂ ಗ್ರಿಡ್ ಎಂಜಿನ್ ಕೊಡುವ ಪಟ್ಟಿಯನ್ನು ತಾವೇ ಓದುತ್ತವೆ. ಹಳೇ ಕ್ಲಸ್ಟರ್‌ನಿಂದ ಪಿಇ ನಕಲು ಮಾಡಿದಾಗ ಇಲ್ಲಿ ಇಲ್ಲದ ಸ್ಕ್ರಿಪ್ಟ್‌ನ ಪಾತ್ ಉಳಿದಿದ್ದರೆ ಜಾಬ್ ಶುರುವಾಗುವಾಗಲೇ ಬೀಳುತ್ತದೆ, ಕೆಲವೊಮ್ಮೆ ಕ್ಯೂವನ್ನೇ ದೋಷಸ್ಥಿತಿಗೆ ತಳ್ಳುತ್ತದೆ.

ಕಂಟ್ರೋಲ್_ಸ್ಲೇವ್ಸ್ ಇಡೀ ಪಟ್ಟಿಯಲ್ಲಿ ಅತಿ ಮುಖ್ಯ ಸಾಲು. ಇದು ಟ್ರೂ ಇದ್ದಾಗ ಎಂಪಿಐರನ್ (ಎಂಪಿಐ ಪ್ರೊಸೆಸ್‌ಗಳನ್ನು ಎಬ್ಬಿಸುವ ಆಜ್ಞೆ) ಬೇರೆ ನೋಡ್‌ಗಳಲ್ಲಿ ತನ್ನ ಸಹಾಯಕ ಪ್ರೊಸೆಸ್‌ಗಳನ್ನು ಎಸ್‌ಎಸ್‌ಎಚ್ ಬದಲು ಕ್ಯೂಆರ್‌ಎಸ್‌ಎಚ್ ಮೂಲಕ, ಅಂದರೆ ಗ್ರಿಡ್ ಎಂಜಿನ್‌ನ ಕೈಯಿಂದಲೇ ಎಬ್ಬಿಸುತ್ತದೆ. ಆಗ ಮಾಲತಿಯಲ್ಲಿ ಓಡುವ ಪ್ರೊಸೆಸ್ ಕೂಡ ಆ ನೋಡ್‌ನ ಎಕ್ಸೆಕ್‌ಡಿಯ ಮಗುವಾಗುತ್ತದೆ. ಸಿಪಿಯು ಸಮಯ ಲೆಕ್ಕಕ್ಕೆ ಬರುತ್ತದೆ, ಮೆಮೊರಿ ಮಿತಿ ಅದಕ್ಕೂ ಅನ್ವಯಿಸುತ್ತದೆ, ಜಾಬ್ ಅಳಿಸುವ ಕ್ಯೂಡೆಲ್ ಕೊಟ್ಟರೆ ಎಲ್ಲ ನೋಡ್‌ಗಳಲ್ಲೂ ಸಾಯುತ್ತದೆ. ಎಸ್‌ಎಸ್‌ಎಚ್ ಮೂಲಕ ಎಬ್ಬಿಸಿದ್ದಕ್ಕೆ ಇದ್ಯಾವುದೂ ಇಲ್ಲ. ಜಾಬ್ ಅಳಿಸಿದ ಮೇಲೂ ದೂರದ ನೋಡ್‌ಗಳಲ್ಲಿ ಅನಾಥ ಪ್ರೊಸೆಸ್‌ಗಳು ನೂರಕ್ಕೆ ನೂರು ಸಿಪಿಯು ತಿನ್ನುತ್ತ ಉಳಿಯುತ್ತವೆ, ಶೆಡ್ಯೂಲರ್ ಆ ನೋಡ್ ಖಾಲಿ ಎಂದುಕೊಂಡು ಮುಂದಿನ ಜಾಬ್ ಕಳಿಸುತ್ತದೆ. ‘ನಿನ್ನೆ ನಾಲ್ಕು ಗಂಟೆಯಲ್ಲಿ ಮುಗಿದದ್ದು ಇಂದು ಎಂಟು ಗಂಟೆಯಾದರೂ ಮುಗಿಯುತ್ತಿಲ್ಲ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ.

ಫಾಲ್ಸ್ ಇಟ್ಟು ಓಪನ್ ಎಂಪಿಐ ಓಡಿಸಿದರೆ ಇಂಥ ನೋಡ್‌ನ ಎಕ್ಸಿಕ್ಯೂಶನ್ ಡೀಮನ್ ಟಾಸ್ಕನ್ನು ಸ್ವೀಕರಿಸಲಿಲ್ಲ ಎಂಬರ್ಥದ ದೋಷ ಬರುತ್ತದೆ. ಆ ಸಂದೇಶ ಕಂಡರೆ ನೇರ ಈ ಸಾಲಿಗೆ ಬನ್ನಿ.

ಜಾಬ್_ಈಸ್_ಫಸ್ಟ್_ಟಾಸ್ಕ್ ಟ್ರೂ ಎಂದರೆ ಸ್ಕ್ರಿಪ್ಟೇ ಒಂದು ಟಾಸ್ಕ್ ಎಂದು ಎಣಿಸಿ, ಎಬ್ಬಿಸಬಹುದಾದ ಉಳಿದ ಟಾಸ್ಕ್‌ಗಳಲ್ಲಿ ಒಂದು ಕಡಿಮೆಯಾಗುತ್ತದೆ. ಎಂಪಿಐಗೆ ಫಾಲ್ಸ್, ಎಸ್‌ಎಂಪಿಗೆ ಟ್ರೂ. ಎಸ್‌ಎಂಪಿಗೆ ಕಂಟ್ರೋಲ್_ಸ್ಲೇವ್ಸ್ ಫಾಲ್ಸ್ ಇದ್ದರೆ ಸಾಕು, ಹೊರಗೆ ಹೋಗುವ ಪ್ರೊಸೆಸ್ಸೇ ಇಲ್ಲವಲ್ಲ. ಅಕೌಂಟಿಂಗ್_ಸಮರಿ ಟ್ರೂ ಇಟ್ಟರೆ, ಮುಗಿದ ಜಾಬ್‌ನ ಲೆಕ್ಕ ತೋರಿಸುವ ಕ್ಯೂಎಸಿಸಿಟಿ ಕೊಟ್ಟಾಗ ಒಂದು ಜಾಬ್‌ಗೆ ಒಂದೇ ದಾಖಲೆ ಸಿಗುತ್ತದೆ, ಟಾಸ್ಕ್‌ಗೊಂದರಂತೆ ಬರುವುದಿಲ್ಲ.

ಕ್ಯೂಗೆ ಕಟ್ಟುವುದು

ಪಿಇ ಕಟ್ಟಿ ಕ್ಯೂಗೆ ಸೇರಿಸದೆ ಬಿಡುವುದು ಬಹಳ ಸಾಮಾನ್ಯ. ಪಿಇ ತಾನಾಗಿ ಯಾವ ಕ್ಯೂಗೂ ಸೇರುವುದಿಲ್ಲ.

ಕ್ಯೂಕಾನ್ಫ್ -ಎಂಕ್ಯೂ ಆಲ್.ಕ್ಯೂ

ಆಲ್.ಕ್ಯೂ ಎಂಬುದು ಕ್ಯೂನ ಹೆಸರು. ತೆರೆದ ಎಡಿಟರಿನಲ್ಲಿ ಪಿಇ_ಲಿಸ್ಟ್ ಸಾಲಿಗೆ ಹೋಗಿ. ಅಲ್ಲಿ ಮೊದಲಿಂದ ಇರುವ ಹೆಸರನ್ನು ಅಳಿಸದೆ ಮುಂದೆ ಎಸ್‌ಎಂಪಿ ಎಂಪಿಐ ಎಂಪಿಐ16 ಎಂದು ಖಾಲಿಜಾಗ ಬಿಟ್ಟು ಸೇರಿಸಿ. ಅದೇ ಫೈಲಿನಲ್ಲಿ ಸ್ಲಾಟ್ಸ್ 16 ಇದೆಯೇ ನೋಡಿ. ಶೆಲ್ ಸಾಲು ಬಿನ್ ಸಿಎಸ್‌ಎಚ್ ಎಂದಿದ್ದರೆ ಬ್ಯಾಶ್‌ಗೆ ಬದಲಿಸಿ. ಪೋಸಿಕ್ಸ್ ರೀತಿಯ ಶೆಲ್ ಆರಂಭ ಇರುವ ಕ್ಯೂಗಳಲ್ಲಿ ನಿಮ್ಮ ಸ್ಕ್ರಿಪ್ಟಿನ ಮೊದಲ ಸಾಲನ್ನು ಗ್ರಿಡ್ ಎಂಜಿನ್ ಗಮನಿಸುವುದೇ ಇಲ್ಲ, ಕ್ಯೂನ ಶೆಲ್ಲನ್ನೇ ಬಳಸುತ್ತದೆ. ಬ್ಯಾಶ್‌ನ ಎಕ್ಸ್‌ಪೋರ್ಟ್ ಅಲ್ಲಿ ಅರ್ಥವಾಗದ ಆಜ್ಞೆಯಾಗುತ್ತದೆ.

ಎರಡು ಕ್ಯೂ ಇದ್ದರೆ ಇನ್ನೊಂದು ಎಚ್ಚರ. ಪ್ರತಿ ಕ್ಯೂನಲ್ಲೂ 16 ಸ್ಲಾಟ್ ಇದ್ದರೆ ಒಂದೇ ನೋಡ್‌ಗೆ 32 ಪ್ರೊಸೆಸ್ ಬಂದು ಬೀಳುತ್ತವೆ. ಕ್ಯೂಕಾನ್ಫ್ -ಎಂಇ ತುಂಗಾ ಎಂದು ನೋಡ್‌ನ ವಿವರ ತೆರೆದು ಕಾಂಪ್ಲೆಕ್ಸ್_ವ್ಯಾಲ್ಯೂಸ್ ಸಾಲಿನಲ್ಲಿ ಸ್ಲಾಟ್ಸ್=16 ಎಂದು ಬರೆಯಿರಿ. ಎಂಟೂ ನೋಡ್‌ಗೆ ಹೀಗೆ ಮಾಡಿದರೆ ಕ್ಯೂ ಎಷ್ಟೇ ಇರಲಿ, ನೋಡ್‌ನ ಮಿತಿ ಮೀರದು.

ಎಣಿಕೆ ತಾಳೆ ನೋಡುವ ಜಾಬ್

ನಿಜವಾದ ಕೆಲಸ ಓಡಿಸುವ ಮೊದಲು ಈ ಪುಟ್ಟ ಸ್ಕ್ರಿಪ್ಟ್:

#!/ಬಿನ್/ಬ್ಯಾಶ್
#$ -ಎಸ್ /ಬಿನ್/ಬ್ಯಾಶ್
#$ -ಸಿಡಬ್ಲ್ಯುಡಿ
#$ -ಪಿಇ ಎಂಪಿಐ16 32
ಕ್ಯಾಟ್ $ಪಿಇ_ಹೋಸ್ಟ್‌ಫೈಲ್
ಎಂಪಿಐರನ್ -ಎನ್‌ಪಿ $ಎನ್‌ಸ್ಲಾಟ್ಸ್ ಹೋಸ್ಟ್‌ನೇಮ್ | ಸಾರ್ಟ್ | ಯೂನಿಕ್ -ಸಿ

ಹೈಫನ್ ಎಸ್ ಇಲ್ಲಿ ದೊಡ್ಡಕ್ಷರ. ಡಾಲರ್ ಚಿಹ್ನೆಯ ಮುಂದಿನ ಎರಡು ಹೆಸರುಗಳೂ ದೊಡ್ಡಕ್ಷರ. ಇವನ್ನು ಜಾಬ್ ಶುರುವಾಗುವಾಗ ಗ್ರಿಡ್ ಎಂಜಿನ್ ತುಂಬಿಕೊಡುತ್ತದೆ. ಔಟ್‌ಪುಟ್ ಫೈಲಿನಲ್ಲಿ ಹೀಗೆ ಬರಬೇಕು:

ಶರಾವತಿ 16 ಆಲ್.ಕ್ಯೂ@ಶರಾವತಿ ಅನ್‌ಡಿಫೈನ್ಡ್
ವರದಾ 16 ಆಲ್.ಕ್ಯೂ@ವರದಾ ಅನ್‌ಡಿಫೈನ್ಡ್
16 ಶರಾವತಿ
16 ವರದಾ

ಮೊದಲ ಎರಡು ಸಾಲು ಶೆಡ್ಯೂಲರ್‌ನ ಲೆಕ್ಕ, ಕೊನೆಯ ಎರಡು ಎಂಪಿಐ ನಿಜವಾಗಿ ಎಬ್ಬಿಸಿದ್ದು. ಎರಡೂ ತಾಳೆಯಾದರೆ ಪಿಇ ಸರಿಯಿದೆ.

ಬದಲಿಗೆ ಸಾಕಷ್ಟು ಸ್ಲಾಟ್ ಇಲ್ಲ ಎಂದು ಎಂಪಿಐರನ್ ದೂರಿದರೆ, ಆ ಓಪನ್ ಎಂಪಿಐ ಗ್ರಿಡ್ ಎಂಜಿನ್ ಬೆಂಬಲವಿಲ್ಲದೆ ಕಂಪೈಲ್ ಆಗಿದೆ. ಅದಕ್ಕೆ ಕಂಡದ್ದು ತಾನಿರುವ ನೋಡ್‌ನ 16 ಕೋರ್ ಮಾತ್ರ. ಓಎಂಪಿಐ_ಇನ್ಫೋ (ಓಪನ್ ಎಂಪಿಐ 5ರಿಂದ ಪಿಆರ್‌ಟಿಇ_ಇನ್ಫೋ) ಕೊಟ್ಟು ಅದರಲ್ಲಿ ಗ್ರಿಡ್‌ಎಂಜಿನ್ ಎಂಬ ಪದ ಹುಡುಕಿ. ಸಿಗದಿದ್ದರೆ ಕಾನ್ಫಿಗರ್ ಮಾಡುವಾಗ --ವಿತ್-ಎಸ್‌ಜಿಇ ಸೇರಿಸಿ ಮತ್ತೆ ಕಂಪೈಲ್ ಮಾಡಬೇಕು. ದಯವಿಟ್ಟು ಓವರ್‌ಸಬ್‌ಸ್ಕ್ರೈಬ್ ಆಯ್ಕೆ ಕೊಟ್ಟು ಆ ದೂರಿನ ಬಾಯಿ ಮುಚ್ಚಿಸಬೇಡಿ. 32 ಪ್ರೊಸೆಸ್ಸೂ ಶರಾವತಿಯ ಮೇಲೇ ಕೂರುತ್ತವೆ, ವರದಾ ಖಾಲಿ ಇರುತ್ತದೆ, ಲೆಕ್ಕದಲ್ಲಿ ಎರಡೂ ತುಂಬಿವೆ.

ಎರಡನೆಯ ನೋಡ್‌ನಲ್ಲಿ ಲೈಬ್ರರಿ ಸಿಗಲಿಲ್ಲ ಎಂಬ ದೋಷ ಬಂದರೆ ಎಂಪಿಐರನ್ ಅನ್ನು ಪೂರ್ತಿ ಪಾತ್ ಸಮೇತ ಕರೆಯಿರಿ. ಆಗ ಓಪನ್ ಎಂಪಿಐ ದೂರದ ನೋಡ್‌ಗೂ ಅದೇ ಪಾತ್ ಹೊತ್ತೊಯ್ಯುತ್ತದೆ.

ಜಾಬ್ ಓಡುತ್ತಿರುವಾಗ ಕ್ಯೂಸ್ಟ್ಯಾಟ್ -ಜಿ ಟಿ ಕೊಟ್ಟರೆ ಜಾಬ್‌ನ ಮಾಸ್ಟರ್ (ಸ್ಕ್ರಿಪ್ಟ್ ಓಡುವ ಭಾಗ) ಯಾವ ನೋಡ್‌ನಲ್ಲಿದೆ, ಸ್ಲೇವ್‌ಗಳು (ಉಳಿದ ಭಾಗಗಳು) ಎಲ್ಲೆಲ್ಲಿವೆ ಎಂದು ಸಾಲುಸಾಲಾಗಿ ತೋರಿಸುತ್ತದೆ.

ಮಳೆಯ ಮಾದರಿಗೆ ಎಷ್ಟು ಸ್ಲಾಟ್

ಘಟ್ಟದಂಚಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ, ಈಶಾನ್ಯಕ್ಕೆ ಶಿಕಾರಿಪುರದ ಕಡೆ ಬಂದರೆ ಅದರ ಸಣ್ಣದೊಂದು ಪಾಲು. ಇಷ್ಟು ಸಣ್ಣ ದೂರದಲ್ಲಿ ಇಷ್ಟೊಂದು ವ್ಯತ್ಯಾಸವನ್ನು ಮಾದರಿ ಹಿಡಿಯಬೇಕಾದರೆ ಅದರ ಗ್ರಿಡ್, ಅಂದರೆ ಲೆಕ್ಕದ ಬಿಂದುಗಳ ನಡುವಿನ ಅಂತರ, ಸಣ್ಣದಿರಬೇಕು. 3 ಕಿ.ಮೀ. ಅಂತರದ 121 × 121 ಬಿಂದುಗಳ ಡೊಮೇನ್ (ಲೆಕ್ಕದ ಪ್ರದೇಶ) ಎಂದುಕೊಳ್ಳಿ: ಪ್ರತಿ ಬದಿಗೆ 360 ಕಿ.ಮೀ., ಶರಾವತಿ ಮತ್ತು ತುಂಗೆಯ ಜಲಾನಯನ ಎರಡೂ ಒಳಗೆ ಬರುತ್ತವೆ.

128 ಕೋರ್ ಇದೆಯಲ್ಲ, ಎಲ್ಲವನ್ನೂ ಕೊಡೋಣ ಎನ್ನಿಸುತ್ತದೆ. ಕೊಟ್ಟರೆ ಜಾಬ್ ಶುರುವಾಗುವ ಮೊದಲೇ ಬೀಳುತ್ತದೆ. ಡಬ್ಲ್ಯುಆರ್‌ಎಫ್ ಡೊಮೇನನ್ನು ಆದಷ್ಟು ಚೌಕಕ್ಕೆ ಹತ್ತಿರವಾಗಿ ತುಂಡು ಮಾಡುತ್ತದೆ. 128ಕ್ಕೆ 8 × 16. ಒಂದು ದಿಕ್ಕಿನಲ್ಲಿ 121 ಬಿಂದುಗಳನ್ನು 16 ಪಾಲು ಮಾಡಿದರೆ ಪ್ರತಿ ತುಂಡಿಗೆ ಏಳೆಂಟು ಬಿಂದು. ಪ್ರತಿ ದಿಕ್ಕಿನಲ್ಲೂ ಕನಿಷ್ಠ 10 ಬೇಕು. ಇಷ್ಟು ಪ್ರೊಸೆಸರ್‌ಗಳಿಗೆ ಡೊಮೇನ್ ಸಣ್ಣದಾಯಿತು ಎಂದು ಆರ್‌ಎಸ್‌ಎಲ್.ಎರರ್.0000 ಫೈಲಿನಲ್ಲಿ ಬರೆದು ನಿಲ್ಲುತ್ತದೆ. 64 ಕೊಟ್ಟರೆ 8 × 8, ತುಂಡಿಗೆ ಸುಮಾರು 15 × 15. ಓಡುತ್ತದೆ, ಆದರೆ ತುಂಡು ಸಣ್ಣದಾದಷ್ಟೂ ಲೆಕ್ಕಕ್ಕಿಂತ ಅಂಚಿನ ವಿನಿಮಯವೇ ಹೆಚ್ಚಾಗುತ್ತದೆ. ಗಿಗಾಬಿಟ್ ಜಾಲದಲ್ಲಿ ಈ ಡೊಮೇನ್‌ಗೆ 32ರಿಂದ ಶುರು ಮಾಡುವುದು ಬುದ್ಧಿವಂತಿಕೆ: 4 × 8, ತುಂಡಿಗೆ 30 × 15. ಒಂದು ಗಂಟೆಯ ಮುನ್ಸೂಚನೆಯನ್ನು 16, 32, 64ರಲ್ಲಿ ಓಡಿಸಿ, ಪ್ರತಿ ಕಾಲಹೆಜ್ಜೆಗೆ ಹಿಡಿದ ಸಮಯವನ್ನು ಆರ್‌ಎಸ್‌ಎಲ್ ಫೈಲಿನಲ್ಲಿ ನೋಡಿ ಹೋಲಿಸಿ. 64ರಲ್ಲಿ ಗಣನೀಯ ಲಾಭ ಕಾಣದಿದ್ದರೆ ಆ ಎರಡು ನೋಡ್ ಬೇರೆಯವರಿಗೆ ಸಿಗಲಿ.

ಜಾಬ್ ಸ್ಕ್ರಿಪ್ಟಿನಲ್ಲಿ ಓಎಂಪಿ_ನಮ್_ಥ್ರೆಡ್ಸ್=1 ಎಂದು ಎಕ್ಸ್‌ಪೋರ್ಟ್ ಮಾಡುವುದನ್ನು ಮರೆಯಬೇಡಿ. ಇದನ್ನು ಹೇಳದಿದ್ದರೆ ಓಪನ್‌ಎಂಪಿ ಬಳಸುವ ಪ್ರೋಗ್ರಾಮ್ ಮತ್ತು ಓಪನ್‌ಬ್ಲಾಸ್‌ನಂಥ ಲೈಬ್ರರಿಗಳು ಕಂಡಷ್ಟು ಕೋರ್‌ಗೂ ಒಂದೊಂದು ಥ್ರೆಡ್ ಎಬ್ಬಿಸುತ್ತವೆ. 16 ಪ್ರೊಸೆಸ್, ಪ್ರತಿಯೊಂದಕ್ಕೂ 16 ಥ್ರೆಡ್, ನೋಡ್‌ನ ಲೋಡ್ 256 ಮುಟ್ಟುತ್ತದೆ. ಎಸ್‌ಎಂಪಿ ಪಿಇಯಲ್ಲಿ ಓಡುವ ಜಾಬ್‌ಗೆ 1ರ ಬದಲು $ಎನ್‌ಸ್ಲಾಟ್ಸ್ ಕೊಡಿ. ಕೈಯಾರೆ 8 ಎಂದೋ 12 ಎಂದೋ ಬರೆಯುವ ಅಭ್ಯಾಸ ಬೇಡ. ಮೇಲಿನ ಸಾಲಿನಲ್ಲಿ ಕೋರಿಕೆ ಬದಲಿಸಿದ ದಿನ ಕೆಳಗಿನದು ಹಾಗೇ ಉಳಿಯುತ್ತದೆ.

ಮೆಮೊರಿಯ ಗುಣಾಕಾರ

ಜಾಬ್‌ನ ಮೆಮೊರಿ ಮಿತಿ ಹೇಳುವ ಎಚ್_ವಿಮೆಮ್ ಅನ್ನು ಹಂಚಿಕೆಯ ವಸ್ತುವಾಗಿ ಇಟ್ಟ ಕ್ಲಸ್ಟರ್‌ಗಳಲ್ಲಿ ಕೋರಿಕೆ ಸ್ಲಾಟ್‌ಗೆ ಇಷ್ಟು ಎಂದು ಲೆಕ್ಕ, ಜಾಬ್‌ಗೆ ಇಷ್ಟು ಎಂದಲ್ಲ. ಒಟ್ಟು 32 ಜಿಬಿ ಬೇಕೆಂದು 16 ಸ್ಲಾಟ್‌ನ ಜಾಬ್‌ಗೆ ಎಚ್_ವಿಮೆಮ್=32ಜಿ ಬರೆದರೆ ಅದು ಕೇಳುವುದು 512 ಜಿಬಿ. 64 ಜಿಬಿಯ ನೋಡ್ ಅದನ್ನು ಎಂದೂ ಕೊಡಲಾರದು. ಬರೆಯಬೇಕಾದ್ದು 2ಜಿ. ನೋಡ್‌ನ ಕಾಂಪ್ಲೆಕ್ಸ್_ವ್ಯಾಲ್ಯೂಸ್‌ನಲ್ಲಿ ಪೂರ್ತಿ 64 ಕೊಡದೆ 60 ಕೊಟ್ಟರೆ ಆಪರೇಟಿಂಗ್ ಸಿಸ್ಟಮ್‌ಗೂ ಎನ್‌ಎಫ್‌ಎಸ್‌ಗೂ ಉಸಿರಾಡಲು ಜಾಗವಿರುತ್ತದೆ. ಆಗ 16 ಸ್ಲಾಟ್‌ನ ಜಾಬ್ ಸ್ಲಾಟ್‌ಗೆ 3ಜಿವರೆಗೆ ಕೇಳಬಹುದು, 4ಜಿ ಕೇಳಿದರೆ ಕಾಯುತ್ತಲೇ ಇರುತ್ತದೆ.

ದೊಡ್ಡ ಜಾಬ್ ಏಕೆ ಮುಂದೆ ಬರುವುದೇ ಇಲ್ಲ

ಅಡಿಕೆ ಕೊನೆ ಇಳಿಸುವಾಗ ಮರದ ಮೇಲೆ ಕೊನೆಗೌಡ, ಕೆಳಗೆ ಕೊನೆ ಹಿಡಿಯುವವನು ಇಬ್ಬರೂ ಒಂದೇ ಹೊತ್ತಿಗೆ ಇರಬೇಕು. ಎಂಪಿಐ ಜಾಬ್‌ಗೂ 32 ಸ್ಲಾಟ್ ಒಂದೇ ಕ್ಷಣದಲ್ಲಿ ಬಿಡುವಾಗಿರಬೇಕು. ಒಂದು ಸ್ಲಾಟ್‌ನ ಜಾಬ್‌ಗಳು ಸಾಲಾಗಿ ಬರುತ್ತಿದ್ದರೆ ಖಾಲಿಯಾದ ಪ್ರತಿ ಕೋರನ್ನೂ ಅವೇ ಹಿಡಿಯುತ್ತವೆ, ಪೂರ್ತಿ ನೋಡ್ ಎಂದೂ ಖಾಲಿಯಾಗುವುದಿಲ್ಲ. ಆದ್ಯತೆ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ.

ಇದಕ್ಕೆ ಮದ್ದು ಕಾಯ್ದಿರಿಸುವಿಕೆ, ಅದು ಮೂರು ಕಡೆ ಸರಿಯಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಕ್ಯೂಕಾನ್ಫ್ -ಎಂಎಸ್‌ಕಾನ್ಫ್ ಕೊಟ್ಟು ಮ್ಯಾಕ್ಸ್_ರಿಸರ್ವೇಶನ್ ಸಾಲನ್ನು ನೋಡಿ, ಮೂಲದಲ್ಲಿ ಅದು 0. ನಮ್ಮಂಥ ಕ್ಲಸ್ಟರ್‌ಗೆ 10 ಸಾಕು. ದೊಡ್ಡ ಜಾಬ್ ಕಳಿಸುವಾಗ ದೊಡ್ಡಕ್ಷರದ ಆರ್ ಹಾಕಿ -ಆರ್ ವೈ ಎಂದು ಕೇಳಬೇಕು. ಜೊತೆಗೆ ಎಲ್ಲ ಜಾಬ್‌ಗಳೂ, ಸಣ್ಣವೂ ಸೇರಿ, ಎಚ್_ಆರ್‌ಟಿ ಮೂಲಕ ತಮ್ಮ ಗರಿಷ್ಠ ಸಮಯ ಹೇಳಬೇಕು. ಸಮಯ ಹೇಳದ ಜಾಬ್‌ಗೆ ಶೆಡ್ಯೂಲರ್ ಡಿಫಾಲ್ಟ್_ಡ್ಯುರೇಶನ್ ಹಿಡಿಯುತ್ತದೆ, ಅದು ಅನಂತ ಎಂದಿದ್ದರೆ ನೋಡ್ ಯಾವಾಗ ಬಿಡುವಾಗುತ್ತದೆಂದು ಲೆಕ್ಕ ಹಾಕಲು ದಾರಿಯೇ ಇಲ್ಲ. ಅದೇ ಸಾಲಿನಲ್ಲಿ 24:00:00 ಹಾಕಿ, ಬಳಕೆದಾರರಿಗೂ ತಿಳಿಸಿ. ಸಮಯ ಗೊತ್ತಿದ್ದರೆ ಇನ್ನೊಂದು ಲಾಭ: ದೊಡ್ಡ ಜಾಬ್ ಕಾಯುವ ಸಂದಿನಲ್ಲಿ ಮುಗಿಯಬಲ್ಲ ಸಣ್ಣ ಜಾಬ್‌ಗಳನ್ನು ಶೆಡ್ಯೂಲರ್ ತೂರಿಸಿ ಮುಗಿಸುತ್ತದೆ.

ಸೊನ್ನೆ ಸ್ಲಾಟ್ ಎಂಬ ಉತ್ತರ

ಕ್ಯೂಕಾನ್ಫ್ -ಎಂಎಸ್‌ಕಾನ್ಫ್ ತೆರೆಯುವ ಅದೇ ಎಡಿಟರಿನಲ್ಲಿ ಶೆಡ್_ಜಾಬ್_ಇನ್ಫೋ ಟ್ರೂ ಮಾಡಿಕೊಳ್ಳಿ. ಇದರ ಶೆಡ್ ಎಂಬಲ್ಲಿ ಕೊನೆಗೆ ಡಿ ಎರಡು. ಇದಿಲ್ಲದೆ ಜಾಬ್ ಏಕೆ ಕಾಯುತ್ತಿದೆ ಎಂದು ಕ್ಯೂಸ್ಟ್ಯಾಟ್ -ಜೆ ಹೇಳುವುದಿಲ್ಲ. ಇದ್ದಾಗ ಹೆಚ್ಚಾಗಿ ಕಾಣುವ ಉತ್ತರ, ಈ ಪಿಇ 0 ಸ್ಲಾಟ್ ಮಾತ್ರ ಕೊಡಬಲ್ಲದು ಎಂಬುದು. ನೋಡ್‌ಗಳೆಲ್ಲ ಖಾಲಿ ಕಂಡರೂ ಈ ಉತ್ತರ ಬರಬಹುದು. ಕಾರಣಗಳನ್ನು ಈ ಅನುಕ್ರಮದಲ್ಲಿ ತಳ್ಳಿಹಾಕುತ್ತ ಬನ್ನಿ.

ಮೊದಲು, ಕ್ಯೂನ ಪಿಇ_ಲಿಸ್ಟ್‌ನಲ್ಲಿ ಆ ಹೆಸರು ಇದೆಯೇ. ಇದೆ ಎಂದಾದರೆ ಕೋರಿಕೆಯ ಸಂಖ್ಯೆ ಅಲೊಕೇಶನ್ ನಿಯಮಕ್ಕೆ ಹೊಂದುತ್ತದೆಯೇ, 16ರ ಗುಣಕವೇ. ಮೂರನೆಯದಾಗಿ ಮೆಮೊರಿಯ ಗುಣಾಕಾರ. ನಂತರ ಕೇಳಿದ ಎಚ್_ಆರ್‌ಟಿ ಕ್ಯೂನ ಮಿತಿಗಿಂತ ಹೆಚ್ಚಿದೆಯೇ. ಆಮೇಲೆ ಕ್ಯೂಸ್ಟ್ಯಾಟ್ -ಎಫ್ ಕೊಟ್ಟು ನೋಡ್‌ಗಳ ಸ್ಥಿತಿಯ ಕಾಲಂ ನೋಡಿ: ಸಣ್ಣ ಡಿ ಎಂದರೆ ಯಾರೋ ನಿಲ್ಲಿಸಿದ್ದಾರೆ, ಎ ಯು ಎಂದರೆ ಆ ನೋಡ್‌ನ ಎಕ್ಸೆಕ್‌ಡಿ ಮಾತಾಡುತ್ತಿಲ್ಲ, ದೊಡ್ಡ ಇ ಎಂದರೆ ಕ್ಯೂ ದೋಷಸ್ಥಿತಿಯಲ್ಲಿದೆ. ದೋಷಸ್ಥಿತಿ ತಾನಾಗಿ ಹೋಗುವುದಿಲ್ಲ. ಕ್ಯೂಸ್ಟ್ಯಾಟ್ -ಎಫ್ -ಎಕ್ಸ್‌ಪ್ಲೇನ್ ಇ (ಕೊನೆಯ ಇ ದೊಡ್ಡಕ್ಷರ) ಕೊಟ್ಟು ಕಾರಣ ಓದಿ, ಅದನ್ನು ಸರಿಪಡಿಸಿದ ಮೇಲೆಯೇ ಕ್ಯೂಮಾಡ್ -ಸಿ ಕೊಟ್ಟು ತೆರವು ಮಾಡಿ. ಕಾರಣ ಓದದೆ ತೆರವು ಮಾಡಿದರೆ ಮುಂದಿನ ಜಾಬ್ ಅದೇ ಗುಂಡಿಗೆ ಬೀಳುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಓಡದಿದ್ದರೆ ಕ್ಯೂಆಲ್ಟರ್ -ಡಬ್ಲ್ಯು ವಿ ಕೊಟ್ಟು ಮುಂದೆ ಜಾಬ್ ಸಂಖ್ಯೆ ಹಾಕಿ. ಇಡೀ ಕ್ಲಸ್ಟರ್ ಖಾಲಿಯಿದೆ ಎಂದು ಊಹಿಸಿ ಈ ಜಾಬ್ ಎಂದಾದರೂ ಓಡಬಲ್ಲದೇ ಎಂದು ಅದು ಪರೀಕ್ಷಿಸುತ್ತದೆ. ಕೋರಿಕೆಯಲ್ಲಿ ತಪ್ಪೋ, ಬರೀ ದಟ್ಟಣೆಯೋ ಎಂದು ಇದರಿಂದ ತಿಳಿಯುತ್ತದೆ.

ಮಳೆಗಾಲದ ಕರೆಂಟು

ಮುಂಗಾರಿಗೆ ಮುಂಚಿನ ಸಿಡಿಲು, ಆಷಾಢದ ಗಾಳಿಗೆ ತಂತಿ ಮೇಲೆ ಬೀಳುವ ಮರ: ಮಲೆನಾಡಿನ ಲ್ಯಾಬ್‌ನಲ್ಲಿ ಇವನ್ನು ಬಿಟ್ಟು ಕ್ಲಸ್ಟರ್ ನಡೆಸಲಾಗದು. ಯುಪಿಎಸ್ ಎಂಟು ನೋಡ್‌ಗಳನ್ನು ಹೆಚ್ಚು ಹೊತ್ತು ಹಿಡಿದಿಡದು. ಪ್ಯಾರಲಲ್ ಜಾಬ್‌ಗೆ ಒಂದು ನೋಡ್ ಸತ್ತರೂ ಇಡೀ ಜಾಬ್ ಸತ್ತಂತೆ.

ಗ್ರಿಡ್ ಎಂಜಿನ್ ಕಾನ್ಫಿಗರೇಶನ್‌ನಲ್ಲಿ ರೀಶೆಡ್ಯೂಲ್_ಅನ್‌ನೋನ್ ಎಂಬ ಸಾಲಿದೆ, ಮೂಲದಲ್ಲಿ 00:00:00, ಅಂದರೆ ನಿಷ್ಕ್ರಿಯ. ಅದಕ್ಕೆ ಒಂದು ಅವಧಿ ಕೊಟ್ಟರೆ, ನೋಡ್ ಅಷ್ಟು ಹೊತ್ತು ಮಾತಾಡದಿದ್ದಾಗ ಮರುಓಟಕ್ಕೆ ಒಪ್ಪಿದ ಜಾಬ್‌ಗಳು ಮತ್ತೆ ಕ್ಯೂಗೆ ಬರುತ್ತವೆ. ಪ್ಯಾರಲಲ್ ಜಾಬ್‌ಗೆ ಇದು ಅನ್ವಯಿಸುವುದು ಆ ಜಾಬ್‌ನ ಮಾಸ್ಟರ್ ಇರುವ ನೋಡ್ ಸತ್ತಾಗ ಮಾತ್ರ. ಸ್ಲೇವ್ ನೋಡ್ ಒಂದೇ ಹೋದರೆ ಜಾಬ್ ಓಡುತ್ತಿದೆ ಎಂದೇ ತೋರಿಸುತ್ತ ಕೂರಬಹುದು. ಕರೆಂಟು ಬಂದ ಮೇಲೆ ಅಂಥವನ್ನು ಹುಡುಕಿ ಕ್ಯೂಡೆಲ್ ಕೊಡಿ, ಜಗ್ಗದಿದ್ದರೆ -ಎಫ್ ಸೇರಿಸಿ.

ಮರುಓಟ ಮೊದಲಿಂದ ಶುರುವಾದರೆ ಕಳೆದ ಗಂಟೆಗಳೆಲ್ಲ ವ್ಯರ್ಥ. ಡಬ್ಲ್ಯುಆರ್‌ಎಫ್‌ನ ನೇಮ್‌ಲಿಸ್ಟ್.ಇನ್‌ಪುಟ್‌ನಲ್ಲಿ ರೀಸ್ಟಾರ್ಟ್_ಇಂಟರ್ವಲ್ ಅನ್ನು ನಿಮಿಷಗಳಲ್ಲಿ ಕೊಡಬಹುದು. ಅದು ಮಾದರಿಯೊಳಗಿನ ಸಮಯ, ಗೋಡೆ ಗಡಿಯಾರದ್ದಲ್ಲ. 360 ಕೊಟ್ಟರೆ ಮುನ್ಸೂಚನೆಯ ಪ್ರತಿ ಆರು ಗಂಟೆಗೊಂದು ರೀಸ್ಟಾರ್ಟ್ ಫೈಲ್ ಸಿಗುತ್ತದೆ. ಮಳೆಗಾಲದಲ್ಲಿ 180 ಇಟ್ಟರೂ ಹೆಚ್ಚಲ್ಲ, ಡಿಸ್ಕ್ ಜಾಗ ನೋಡಿಕೊಳ್ಳಿ. ಕೊನೆಯ ಫೈಲ್ ಬರೆಯುವಾಗಲೇ ಕರೆಂಟು ಹೋಗಿದ್ದರೆ ಅದು ಅರ್ಧಂಬರ್ಧ ಇರುತ್ತದೆ. ಗಾತ್ರವನ್ನು ಹಿಂದಿನದರ ಜೊತೆ ಹೋಲಿಸಿ, ಕಡಿಮೆ ಇದ್ದರೆ ಹಿಂದಿನದರಿಂದಲೇ ಶುರು ಮಾಡಿ.

ಮತ್ತೆ ಆನ್ ಮಾಡುವ ಕ್ರಮವೂ ಮುಖ್ಯ. ಮೊದಲು ಸ್ವಿಚ್, ನಂತರ ಎನ್‌ಎಫ್‌ಎಸ್ ಮತ್ತು ಗ್ರಿಡ್ ಎಂಜಿನ್ ಮಾಸ್ಟರ್ ಸೇವೆ ಇರುವ ಕೊಡಚಾದ್ರಿ, ಅದು ಪೂರ್ತಿ ಎದ್ದ ಮೇಲೆ ಎಂಟು ನೋಡ್. ಗ್ರಿಡ್ ಎಂಜಿನ್ ಡೈರೆಕ್ಟರಿ ಎನ್‌ಎಫ್‌ಎಸ್‌ನಲ್ಲಿದ್ದು, ಅದು ಮೌಂಟ್ ಆಗುವ ಮೊದಲೇ ನೋಡ್‌ನ ಎಕ್ಸೆಕ್‌ಡಿ ಎದ್ದರೆ ತನ್ನ ಫೈಲುಗಳೇ ಸಿಗದೆ ಸಾಯುತ್ತದೆ. ಯುಪಿಎಸ್ ಬ್ಯಾಟರಿ ಇಳಿದಾಗ ಓಡುವ ಸ್ಕ್ರಿಪ್ಟಿನಲ್ಲಿ ಕ್ಯೂಮಾಡ್ -ಡಿ ಕೊಟ್ಟು ಕ್ಯೂಗಳನ್ನು ನಿಲ್ಲಿಸಿದ್ದರೆ, ಎಲ್ಲ ನೋಡ್ ಬಂದದ್ದನ್ನು ಕ್ಯೂಹೋಸ್ಟ್‌ನಲ್ಲಿ ನೋಡಿಕೊಂಡು, ಮೇಲಿನ ಎಣಿಕೆಯ ಜಾಬ್ ಓಡಿಸಲು ಕ್ಯೂಮಾಡ್ -ಇ ಕೊಟ್ಟು ತೆರೆಯಿರಿ.

ಮೂರೂ ಪಿಇಗಳು ಕೆಲಸ ಮಾಡತೊಡಗಿದ ದಿನವೇ ಕ್ಯೂಕಾನ್ಫ್ -ಎಸ್‌ಪಿ ಔಟ್‌ಪುಟ್‌ಗಳನ್ನೂ ಕ್ಯೂ, ನೋಡ್ ಮತ್ತು ಶೆಡ್ಯೂಲರ್ ವಿವರಗಳನ್ನೂ ಬೇರೆ ಬೇರೆ ಫೈಲುಗಳಾಗಿ ಉಳಿಸಿ, ಕೊಡಚಾದ್ರಿಯ ಹೊರಗಿನ ಇನ್ನೊಂದು ಯಂತ್ರಕ್ಕೆ ನಕಲಿಸಿಡಿ. ಮಾಸ್ಟರ್‌ನ ಡಿಸ್ಕ್ ಹೋದರೆ ಹೈಫನ್ ನಂತರ ದೊಡ್ಡ ಎ, ಸಣ್ಣ ಪಿ ಹಾಕಿ ಕ್ಯೂಕಾನ್ಫ್‌ಗೆ ಆ ಫೈಲಿನ ಹೆಸರು ಕೊಟ್ಟರೆ ಪಿಇ ಎಡಿಟರ್ ತೆರೆಯದೆಯೇ ಮರಳಿ ಸೇರುತ್ತದೆ. ಕ್ಯೂ ಫೈಲನ್ನು ಪಿಇಗಳ ನಂತರವೇ ಸೇರಿಸಿ, ಇಲ್ಲದ ಪಿಇಯ ಹೆಸರು ಪಿಇ_ಲಿಸ್ಟ್‌ನಲ್ಲಿದ್ದರೆ ಕ್ಯೂಕಾನ್ಫ್ ಒಪ್ಪುವುದಿಲ್ಲ.